ಸಂತಾನ ಚಿಕಿತ್ಸೆ: ‘ಯಶಸ್ಸಿನ ಪ್ರಮಾಣ’ದ ಹಿಂದಿನ ಲೆಕ್ಕವೇನು?

ಬೆಂಗಳೂರು: ದಂಡು ಪ್ರದೇಶದ ಹಳೆಯ ಬಡಾವಣೆಗಳಲ್ಲೊಂದಾದ ಕುಕ್ ಟೌನ್‌ಗೆ ಸರ್ವಜ್ಞನಗರವೆಂಬ ಹೆಸರೂ ಉಂಟು. ಹೆಂಚಿನ ಬಂಗಲೆಗಳು ಕಡಿಮೆಯಾಗಿ, ಮಿಲ್ಟನ್ ಪಾರ್ಕಿನ ಸುತ್ತಲಿನ ಬೀದಿಗಳಲ್ಲಿ ಇಂದು ಅಪಾರ್ಟ್‌ಮೆಂಟುಗಳು ಎದ್ದಿವೆ. ಇಲ್ಲಿಂದ ಕಮ್ಮನಹಳ್ಳಿಯ ಕಡೆಗೆ ಹೊರಟರೂ, ಹಲಸೂರು ದಾಟಿ ಇಂದಿರಾನಗರದ ಕಡೆಗೆ ಹೊರಟರೂ ಸಂತಾನ ಚಿಕಿತ್ಸಾ ಕೇಂದ್ರಗಳ ಫಲಕಗಳು ಎದುರಾಗುತ್ತವೆ. ಇಂತಹ ಕೇಂದ್ರಗಳ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಎರಡು ಸಂಗತಿಗಳು. ಒಂದು, ನಗುವ ಹಸುಗೂಸಿನ ಚಿತ್ರ. ಇನ್ನೊಂದು, ಯಶಸ್ಸಿನ ಪ್ರಮಾಣವನ್ನು ಸಾರುವ ಶೇಕಡಾವಾರು ಅಂಕಿ.

ಮದುವೆಯಾಗಿ ವರ್ಷಗಳು ಕಳೆದರೂ ಮಡಿಲು ತುಂಬದ ದಂಪತಿಗಳಿಗೆ ಆ ಅಂಕಿ ಭರವಸೆಯಾಗಿ ಕಾಣುವುದು ಸಹಜ. ಅಷ್ಟು ಹೊತ್ತಿಗೆ ನಾಗರಕಲ್ಲಿಗೆ ಹಾಲೆರೆದಾಗಿರುತ್ತದೆ; ದರ್ಗಾಕ್ಕೆ ಹರಕೆ ಹೊತ್ತಾಗಿರುತ್ತದೆ; ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಮೇಣದಬತ್ತಿ ಹಚ್ಚಿಯೂ ಆಗಿರುತ್ತದೆ. ನೆಂಟರಿಷ್ಟರ ಮನೆಯ ಸೀಮಂತ, ನಾಮಕರಣಗಳಿಗೆ ಹೋಗುವುದನ್ನೇ ನಿಲ್ಲಿಸಿದ ಹೆಣ್ಣುಮಕ್ಕಳೂ ಇದ್ದಾರೆ. ಪ್ರನಾಳ ಶಿಶು ಚಿಕಿತ್ಸೆಯ ಒಂದು ಆವರ್ತಕ್ಕೆ ಖಾಸಗಿ ಕೇಂದ್ರಗಳಲ್ಲಿ ಲಕ್ಷ ರೂಪಾಯಿಗೂ ಮೀರಿ ವೆಚ್ಚವಾಗುತ್ತದೆ. ಒಡವೆ ಅಡವಿಟ್ಟು ಹಣ ಹೊಂದಿಸುವ ಕುಟುಂಬಗಳಿಗೆ ಫಲಕದ ಮೇಲಿನ ಆ ಅಂಕಿ ಏನನ್ನು ಎಣಿಸಿದೆ, ಏನನ್ನು ಎಣಿಸಿಲ್ಲ ಎಂಬುದು ಗೊತ್ತಿರಬೇಕಾದುದು ಅತ್ಯವಶ್ಯ.

ಈ ವಿದ್ಯೆಯಲ್ಲಿ ದಾಖಲೆಗೆ ಎಷ್ಟು ಬೆಲೆ ಎಂಬುದನ್ನು ತೋರಿಸುವ ಅಧ್ಯಾಯವೊಂದು ಕುಕ್ ಟೌನ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಹಲಸೂರು ಕೆರೆಯ ಸಮೀಪದ ಆಗಾ ಅಬ್ಬಾಸ್ ಅಲಿ ರಸ್ತೆಯೊಂದಿಗೆ ಬೆಸೆದುಕೊಂಡಿದೆ. ಅದನ್ನು ಅರಿಯುವ ಮೊದಲು ಬಂಜೆತನವೆಂದರೇನು, ಚಿಕಿತ್ಸೆ ನಡೆಯುವ ಬಗೆ ಹೇಗೆ ಎಂಬುದನ್ನು ತಿಳಿಯುವುದು ಒಳಿತು.

ಬಂಜೆತನ ಯಾರ ದೋಷ?

ಗರ್ಭನಿರೋಧಕ ಬಳಸದೆ, ನಿಯಮಿತವಾಗಿ ಕೂಡಿದ್ದರೂ 12 ತಿಂಗಳೊಳಗೆ ಗರ್ಭ ನಿಲ್ಲದಿದ್ದಲ್ಲಿ ಅದನ್ನು ಬಂಜೆತನವೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ. 17.5ರಷ್ಟು ಮಂದಿ, ಅಂದರೆ ಆರರಲ್ಲಿ ಒಬ್ಬರು, ಜೀವಮಾನದಲ್ಲಿ ಒಮ್ಮೆಯಾದರೂ ಈ ಸಮಸ್ಯೆಯನ್ನು ಎದುರಿಸುತ್ತಾರೆ. ಇದು ಶ್ರೀಮಂತ ದೇಶಗಳ ಕಾಯಿಲೆಯೆಂಬ ನಂಬಿಕೆಗೆ ಆಧಾರವಿಲ್ಲವೆಂಬುದನ್ನೂ ಆ ವರದಿ ತೋರಿಸಿಕೊಟ್ಟಿದೆ.

ಕನ್ನಡದಲ್ಲಿ ‘ಬಂಜೆ’ ಎಂಬ ಮಾತು ಹೆಣ್ಣಿಗೆ ಮಾತ್ರ ಸಲ್ಲುತ್ತದೆ. ಗಂಡಸಿನ ವೀರ್ಯದಲ್ಲಿ ಕೊರತೆಯಿದ್ದರೆ ಹೇಳಲು ಆಡುಮಾತಿನಲ್ಲಿ ಅಂತಹ ಪದವೇ ಇಲ್ಲ. ಭಾಷೆಯ ಈ ಪಕ್ಷಪಾತ ಮನೆಯೊಳಗೂ ಮುಂದುವರಿಯುತ್ತದೆ. ಸೊಸೆಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವ ಮನೆಗಳಲ್ಲಿ ಮಗನ ತಪಾಸಣೆಯ ಮಾತು ಬರುವುದು ಕಡೆಗೆ. ಆದರೆ ವೈದ್ಯಕೀಯ ಸಂಶೋಧನೆ ಹೇಳುವುದೇ ಬೇರೆ. ಮಕ್ಕಳಾಗದ ದಂಪತಿಗಳ ಪೈಕಿ ಹೆಚ್ಚು ಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಸಮಸ್ಯೆಯೂ ಒಂಟಿಯಾಗಿಯೋ, ಸ್ತ್ರೀಯ ಸಮಸ್ಯೆಯೊಡನೆ ಸೇರಿಯೋ ಕಾರಣವಾಗಿರುತ್ತದೆ.

ಸ್ತ್ರೀಯರಲ್ಲಿ ಕಾಣುವ ಕಾರಣಗಳು ಹಲವು. ಹಾರ್ಮೋನುಗಳ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ಪಿ.ಸಿ.ಓ.ಎಸ್., ಗರ್ಭಕೋಶದ ಒಳಪದರದಂತಹ ಅಂಗಾಂಶ ಬೇರೆಡೆ ಬೆಳೆಯುವ ಎಂಡೊಮೆಟ್ರಿಯೋಸಿಸ್, ಸೋಂಕಿನಿಂದ ಮುಚ್ಚಿಹೋದ ಅಂಡನಾಳಗಳು ಇವುಗಳಲ್ಲಿ ಮುಖ್ಯವಾದವು. ನಮ್ಮ ದೇಶದಲ್ಲಿ ಜನನಾಂಗಗಳ ಕ್ಷಯರೋಗವೂ ಅಂಡನಾಳ ಮುಚ್ಚಲು ಕಾರಣವಾಗುತ್ತದೆ. ಕೆಮ್ಮು, ಕಫ ಯಾವುದೂ ಇಲ್ಲದೆ ಈ ಕ್ಷಯ ಅಡಗಿರಬಹುದಾದ್ದರಿಂದ ಎಷ್ಟೋ ಮಂದಿಗೆ ಮಕ್ಕಳಾಗದ ತಪಾಸಣೆಗೆ ಬಂದಾಗಲೇ ಅದು ತಿಳಿಯುತ್ತದೆ.

ಇವೆಲ್ಲಕ್ಕೂ ಮೇಲೆ ವಯಸ್ಸಿನ ಪ್ರಶ್ನೆಯಿದೆ. ಗಂಡಸಿನಲ್ಲಿ ವೀರ್ಯಾಣುಗಳು ಹರೆಯದಿಂದ ಮುಂದೆ ನಿರಂತರವಾಗಿ ಹೊಸದಾಗಿ ಹುಟ್ಟುತ್ತಿರುತ್ತವೆ. ಹೆಣ್ಣು ಮಗುವಾದರೋ ತನ್ನ ಜೀವಮಾನದ ಅಂಡಾಣುಗಳನ್ನೆಲ್ಲ ಹೊತ್ತೇ ಹುಟ್ಟುತ್ತದೆ. ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷದಷ್ಟಿರುವ ಇವು ಋತುಮತಿಯಾಗುವ ಹೊತ್ತಿಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತವೆ. ಬಲಿತು ಹೊರಬರುವುದು ನಾಲ್ಕೈದು ನೂರು ಮಾತ್ರ. 35 ದಾಟಿದ ಮೇಲೆ ಸಂಖ್ಯೆಯ ಜೊತೆಗೆ ಗುಣಮಟ್ಟವೂ ವೇಗವಾಗಿ ಕುಸಿಯುತ್ತದೆ. ಹೀಗಾಗಿ 35 ಮೀರಿದ ಮಹಿಳೆ ಒಂದು ವರ್ಷ ಕಾಯದೆ ಆರು ತಿಂಗಳಲ್ಲೇ ವೈದ್ಯರನ್ನು ಕಾಣಬೇಕೆಂಬುದು ತಜ್ಞರ ಸಲಹೆ.

ಮೊದಲ ಪರೀಕ್ಷೆ ಅಗ್ಗದ್ದು

ತಪಾಸಣೆಯೆಂದ ಕೂಡಲೇ ಪ್ರನಾಳ ಶಿಶುವೆಂದು ಭಾವಿಸಬೇಕಿಲ್ಲ. ಎಲ್ಲಕ್ಕಿಂತ ಸರಳವೂ ಅಗ್ಗವೂ ಆದ ಪರೀಕ್ಷೆಯೆಂದರೆ ಪುರುಷನ ವೀರ್ಯ ಪರೀಕ್ಷೆ. ಎರಡರಿಂದ ಏಳು ದಿನಗಳ ಸಂಯಮದ ನಂತರ ಕೊಟ್ಟ ಮಾದರಿಯಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರಗಳನ್ನು ನೋಡಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಪ್ರತಿ ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣುಗಳು ಕೆಳಗಿನ ಮಿತಿ. ಇದಕ್ಕಿಂತ ಕಡಿಮೆಯಿದ್ದ ಮಾತ್ರಕ್ಕೆ ಮಗುವಾಗದು ಎಂದಾಗಲಿ, ಹೆಚ್ಚಿದ್ದ ಮಾತ್ರಕ್ಕೆ ಆಗಿಯೇ ತೀರುತ್ತದೆ ಎಂದಾಗಲಿ ಅರ್ಥವಲ್ಲ. ಆದರೂ ಈ ಒಂದು ಪರೀಕ್ಷೆಯನ್ನು ಮುಂದೂಡಿದ್ದರಿಂದ ಹೆಂಡತಿಗೆ ವರ್ಷಗಟ್ಟಲೆ ಅನವಶ್ಯಕ ಔಷಧ ನುಂಗಿಸಿದಂತಾಗಬಹುದು.

ಸ್ತ್ರೀಗೆ ಹಾರ್ಮೋನುಗಳ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಅಂಡನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್‌ರೇ ಪರೀಕ್ಷೆಗಳನ್ನು ಮಾಡಲಾಗುತ್ತದೆ. ಕಾರಣ ತಿಳಿದ ಮೇಲೆ ಅನೇಕರಿಗೆ ಅಂಡಾಣು ಬಿಡುಗಡೆಯಾಗುವಂತೆ ಮಾಡುವ ಮಾತ್ರೆ, ತೂಕ ಇಳಿಕೆ, ಸಂಸ್ಕರಿಸಿದ ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಐ.ಯು.ಐ. ಮೊದಲಾದ ಕಡಿಮೆ ವೆಚ್ಚದ ಕ್ರಮಗಳೇ ಸಾಕಾಗುತ್ತವೆ. ಅಂಡನಾಳಗಳೆರಡೂ ಮುಚ್ಚಿದ್ದಲ್ಲಿ, ವೀರ್ಯಾಣುಗಳು ತೀರಾ ವಿರಳವಾಗಿದ್ದಲ್ಲಿ ಅಥವಾ ಉಳಿದ ಕ್ರಮಗಳು ಫಲಿಸದಿದ್ದಲ್ಲಿ ಐ.ವಿ.ಎಫ್. ಎಂಬ ಪ್ರನಾಳ ಶಿಶು ಚಿಕಿತ್ಸೆಯ ಸರದಿ ಬರುತ್ತದೆ.

ಪ್ರನಾಳದಲ್ಲಿ ನಡೆಯುವುದೇನು?

ಹೆಸರಿನಲ್ಲಿ ಪ್ರನಾಳವಿದ್ದರೂ ಮಗು ಬೆಳೆಯುವುದು ತಾಯಿಯ ಗರ್ಭದಲ್ಲಿಯೇ. ದೇಹದ ಹೊರಗೆ ಕಳೆಯುವುದು ಮೊದಲ ಮೂರರಿಂದ ಐದು ದಿನಗಳು ಮಾತ್ರ. ಅದೂ ಪ್ರನಾಳದಲ್ಲಲ್ಲ, ಅಗಲ ಬಾಯಿಯ ಪುಟ್ಟ ತಟ್ಟೆಯಲ್ಲಿ.

ಸಾಮಾನ್ಯವಾಗಿ ತಿಂಗಳಿಗೆ ಒಂದೇ ಅಂಡಾಣು ಬಲಿಯುತ್ತದೆ. ಹಲವು ಅಂಡಾಣುಗಳು ಒಟ್ಟಿಗೆ ಬಲಿಯುವಂತೆ ಸುಮಾರು ಎಂಟರಿಂದ ಹನ್ನೆರಡು ದಿನ ಎಫ್.ಎಸ್.ಎಚ್. ಹಾರ್ಮೋನಿನ ಚುಚ್ಚುಮದ್ದು ನೀಡಲಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಬೆಳವಣಿಗೆ ನೋಡಿಕೊಂಡು ಕೊನೆಯ ಚುಚ್ಚುಮದ್ದು ಕೊಟ್ಟು, ಸುಮಾರು 36 ಗಂಟೆಗಳ ಬಳಿಕ ಅರಿವಳಿಕೆಯಡಿ ಸೂಕ್ಷ್ಮ ಸೂಜಿಯಿಂದ ಅಂಡಾಣುಗಳನ್ನು ಹೊರತೆಗೆಯುತ್ತಾರೆ. ಪ್ರಯೋಗಾಲಯದಲ್ಲಿ ಅವುಗಳೊಡನೆ ವೀರ್ಯಾಣುಗಳನ್ನು ಬಿಡಲಾಗುತ್ತದೆ. ವೀರ್ಯಾಣುಗಳು ದುರ್ಬಲವಾಗಿದ್ದರೆ ಒಂದೇ ಒಂದು ವೀರ್ಯಾಣುವನ್ನು ಆಯ್ದು ಅಂಡಾಣುವಿನೊಳಕ್ಕೆ ಚುಚ್ಚುವ ‘ಇಕ್ಸಿ’ ವಿಧಾನವಿದೆ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ರೂಪುಗೊಂಡು 1992ರಲ್ಲಿ ವರದಿಯಾದ ಈ ವಿಧಾನವು ಪುರುಷ ಬಂಜೆತನದ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು.

ಫಲಿತಗೊಂಡ ಅಂಡಾಣು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಐದನೆಯ ದಿನದ ಹೊತ್ತಿಗೆ ನೂರಾರು ಕೋಶಗಳ ಭ್ರೂಣವಾಗುತ್ತದೆ. ಅದನ್ನು ತೆಳುವಾದ ನಳಿಕೆಯ ಮೂಲಕ ಗರ್ಭಕೋಶಕ್ಕೆ ಸೇರಿಸಲಾಗುತ್ತದೆ. ಉಳಿದ ಭ್ರೂಣಗಳನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಕಾಪಿಡಬಹುದು. ಸುಮಾರು ಎರಡು ವಾರಗಳ ಬಳಿಕ ರಕ್ತಪರೀಕ್ಷೆಯಿಂದ ಫಲಿತಾಂಶ ತಿಳಿಯುತ್ತದೆ.

ಅರಳಿ ಮರ ಸುತ್ತಿ ಹೊಟ್ಟೆ ಮುಟ್ಟಿ ನೋಡಿಕೊಂಡಳೆಂಬ ಗಾದೆ ಆತುರಗಾರರನ್ನು ಕುರಿತದ್ದು. ಆದರೆ ಆ ಎರಡು ವಾರಗಳ ಕಾಯುವಿಕೆಯನ್ನು ಅನುಭವಿಸಿದವರಿಗೆ ಗಾದೆಯ ಹೆಂಗಸಿನ ಮೇಲೆ ನಗು ಬರಲಾರದು.

ಚಿಕಿತ್ಸೆಯು ಅಪಾಯರಹಿತವೇನಲ್ಲ. ಹಾರ್ಮೋನಿಗೆ ಅಂಡಾಶಯ ಅತಿಯಾಗಿ ಪ್ರತಿಕ್ರಿಯಿಸಿ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುವ ಸ್ಥಿತಿ ಕೆಲವರಲ್ಲಿ ಉಂಟಾಗುತ್ತದೆ. ವಿರಳವಾಗಿ ಅದು ಪ್ರಾಣಾಪಾಯಕ್ಕೂ ತಿರುಗಬಹುದು. ಒಂದಕ್ಕಿಂತ ಹೆಚ್ಚು ಭ್ರೂಣಗಳನ್ನು ಸೇರಿಸಿದರೆ ಅವಳಿ, ತ್ರಿವಳಿಗಳಾಗಿ, ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚು. ಸಾಧ್ಯವಿದ್ದಲ್ಲೆಲ್ಲ ಒಂದೇ ಭ್ರೂಣವನ್ನು ಸೇರಿಸುವುದು ಲೇಸೆಂಬ ಅಭಿಪ್ರಾಯ ಜಗತ್ತಿನಾದ್ಯಂತ ಬಲಗೊಳ್ಳುತ್ತಿರುವುದು ಇದೇ ಕಾರಣಕ್ಕೆ.

ಟಾಟಾ ಇನ್‌ಸ್ಟಿಟ್ಯೂಟ್‌ನ ಕೋತಿಗಳು

ಇಷ್ಟೆಲ್ಲ ಸಾಧ್ಯವಾದದ್ದರ ಹಿಂದೆ ದಶಕಗಳ ಮೂಲ ಸಂಶೋಧನೆಯಿದೆ. ಅದರಲ್ಲಿ ಬೆಂಗಳೂರಿಗೂ ಪಾಲುಂಟು. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರು ಸಂತಾನೋತ್ಪತ್ತಿಯ ಹಾರ್ಮೋನುಗಳ ಅಧ್ಯಯನಕ್ಕೆ ದೊಡ್ಡ ಪರಂಪರೆಯನ್ನೇ ಕಟ್ಟಿದರು. 1976ರ ಭಟ್ನಾಗರ್ ಪ್ರಶಸ್ತಿ ಅವರಿಗೆ ಸಂದಿತು. ನಮ್ಮ ಊರುಕೇರಿಗಳಲ್ಲಿ ಕಾಣುವ ಸಾಮಾನ್ಯ ಕೋತಿಗಳನ್ನೇ ಬಳಸಿ ಅವರ ತಂಡ ಪ್ರಯೋಗ ನಡೆಸಿತ್ತು. ಗಂಡು ಕೋತಿಯ ದೇಹದಲ್ಲಿ ಎಫ್.ಎಸ್.ಎಚ್. ಹಾರ್ಮೋನಿಗೆ ವಿರುದ್ಧವಾದ ಪ್ರತಿಕಾಯಗಳು ಹುಟ್ಟುವಂತೆ ಮಾಡಿದಾಗ ವೀರ್ಯಾಣುಗಳ ಸಂಖ್ಯೆಯೂ ಗುಣಮಟ್ಟವೂ ಕುಸಿದು ಅದು ಸಂತಾನಶಕ್ತಿ ಕಳೆದುಕೊಳ್ಳುವುದು ಕಂಡುಬಂದಿತು.

ಸ್ವಾರಸ್ಯವೆಂದರೆ, ಈ ಸಂಶೋಧನೆ ಹೊರಟದ್ದು ಮಕ್ಕಳಾಗದಂತೆ ತಡೆಯುವ ಲಸಿಕೆಯ ಹುಡುಕಾಟದಲ್ಲಿ. ಜನಸಂಖ್ಯಾ ನಿಯಂತ್ರಣವೇ ದೇಶದ ಮಂತ್ರವಾಗಿದ್ದ ಕಾಲವದು. ಆದರೆ ಯಾವ ಹಾರ್ಮೋನನ್ನು ತಡೆದರೆ ಸಂತಾನ ನಿಲ್ಲುತ್ತದೆಯೋ, ಅದರ ಕೊರತೆಯೇ ಬಂಜೆತನಕ್ಕೂ ಕಾರಣವಾಗಬಲ್ಲದು. ಹೀಗೆ ಗರ್ಭನಿರೋಧದ ವಿಜ್ಞಾನ, ಗರ್ಭಧಾರಣೆಯ ವಿಜ್ಞಾನ ಎರಡೂ ಒಂದೇ ಗಿಡದ ಕೊಂಬೆಗಳು.

ಅದೇ ಸಂಸ್ಥೆಯಲ್ಲಿ ಪಿ. ಬಿ. ಶೇಷಗಿರಿ ಅವರ ತಂಡ ಹ್ಯಾಮ್‌ಸ್ಟರ್ ಎಂಬ ಇಲಿ ಜಾತಿಯ ಪ್ರಾಣಿಯ ಭ್ರೂಣಗಳನ್ನು ಅಧ್ಯಯನ ಮಾಡಿತು. ಮೊಟ್ಟೆಯೊಡೆದು ಮರಿ ಬರುವಂತೆ, ಭ್ರೂಣವೂ ತನ್ನನ್ನು ಸುತ್ತಿದ ಹೊರಕವಚವನ್ನು ಕಳಚಿಕೊಂಡ ಮೇಲೆಯೇ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಬಲ್ಲದು. ಆ ಕವಚವನ್ನು ಕರಗಿಸುವ ಕಿಣ್ವಗಳನ್ನು ಭ್ರೂಣವೇ ಸ್ರವಿಸುತ್ತದೆಂಬುದನ್ನು ಈ ಅಧ್ಯಯನಗಳು ತೋರಿಸಿದವು. ನೋಡಲು ಚೆನ್ನಾಗಿಯೇ ಇರುವ ಭ್ರೂಣ ಗರ್ಭದಲ್ಲಿ ಏಕೆ ನಿಲ್ಲುವುದಿಲ್ಲವೆಂಬುದು ಪ್ರನಾಳ ಶಿಶು ಚಿಕಿತ್ಸೆಯ ಬಿಡಿಸಲಾಗದ ಒಗಟುಗಳಲ್ಲೊಂದು. ಅದನ್ನು ಬಿಡಿಸುವ ದಾರಿಯಲ್ಲಿ ಇಂತಹ ಅಧ್ಯಯನಗಳು ಒಂದೊಂದೇ ಹೆಜ್ಜೆ.

ಚಿಕಿತ್ಸೆಯ ಕ್ಷೇತ್ರದಲ್ಲಿಯೂ ನಗರ ಹಿಂದುಳಿಯಲಿಲ್ಲ. ಬಸವನಗುಡಿಯ ಡಾ. ಸುಲೋಚನಾ ಗುಣಶೀಲ ಹಾಗೂ 2014ರಲ್ಲಿ ಪದ್ಮಶ್ರೀ ಪಡೆದ ಡಾ. ಕಾಮಿನಿ ರಾವ್ ಅವರು ರಾಜ್ಯದಲ್ಲಿ ಈ ಚಿಕಿತ್ಸೆಗೆ ಬುನಾದಿ ಹಾಕಿದವರ ಸಾಲಿನಲ್ಲಿದ್ದಾರೆ.

ಕೋಲ್ಕತ್ತಾದ ಮಗು, ನಂಬದ ಸಮಿತಿ

ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಜನಿಸಿದ್ದು 1978ರ ಜುಲೈ 25ರಂದು. ಅದಾದ 70 ದಿನಗಳಿಗೆ, ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ದುರ್ಗಾಪೂಜೆಯ ಸಮಯದಲ್ಲಿ ಹುಟ್ಟಿದ ಆ ಮಗು ‘ದುರ್ಗಾ’ ಎಂದೇ ಹೆಸರಾಯಿತು. ಅದರ ಹಿಂದಿದ್ದವರು ವೈದ್ಯ ಡಾ. ಸುಭಾಷ್ ಮುಖರ್ಜಿ ಮತ್ತು ಅವರ ಸಹೋದ್ಯೋಗಿಗಳಾದ ಸುನೀತ್ ಮುಖರ್ಜಿ, ಡಾ. ಸರೋಜ್ ಕಾಂತಿ ಭಟ್ಟಾಚಾರ್ಯ.

ಇಂಗ್ಲೆಂಡಿನ ತಂಡ ಸಹಜವಾಗಿ ಬಲಿತ ಒಂದೇ ಅಂಡಾಣುವನ್ನು ಬಳಸಿತ್ತು. ಮುಖರ್ಜಿ ಅವರು ಹಾರ್ಮೋನು ಕೊಟ್ಟು ಹಲವು ಅಂಡಾಣುಗಳನ್ನು ಪಡೆದರು; ಭ್ರೂಣವನ್ನು ಶೈತ್ಯೀಕರಿಸಿ ಕಾಪಿಟ್ಟರು; ಮುಂದಿನ ಆವರ್ತವೊಂದರಲ್ಲಿ ಅದನ್ನು ಗರ್ಭಕೋಶಕ್ಕೆ ಸೇರಿಸಿದರು. ಶೈತ್ಯೀಕರಿಸಿದ ಭ್ರೂಣದಿಂದ ಮಗು ಜನಿಸಿದ ಸಾಧನೆ ಆಸ್ಟ್ರೇಲಿಯಾದಿಂದ ವರದಿಯಾದದ್ದು 1984ರಲ್ಲಿ. ಇಂದು ಸಂತಾನ ಚಿಕಿತ್ಸಾ ಕೇಂದ್ರಗಳಲ್ಲಿ ದಿನನಿತ್ಯ ನಡೆಯುವ ಕ್ರಮ ಬಹುಮಟ್ಟಿಗೆ ಮುಖರ್ಜಿ ಅವರು ಹಿಡಿದ ದಾರಿಯೇ ಆಗಿದೆ.

ಆದರೆ ಅಂದು ಅವರನ್ನು ನಂಬಿದವರು ಕಡಿಮೆ. ಶೈತ್ಯವಿಜ್ಞಾನದ ಪತ್ರಿಕೆಯೊಂದರಲ್ಲಿ ಬಂದ ಕಿರು ಟಿಪ್ಪಣಿಯ ಹೊರತು ವಿವರವಾದ ಪ್ರಕಟಣೆ ಇರಲಿಲ್ಲ. ಪಶ್ಚಿಮ ಬಂಗಾಳ ಸರ್ಕಾರ 1978ರ ನವೆಂಬರ್‌ನಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ರೇಡಿಯೋ ಭೌತವಿಜ್ಞಾನದ ಪ್ರಾಧ್ಯಾಪಕರ ನೇತೃತ್ವದ ಆ ಸಮಿತಿ ಮುಖರ್ಜಿ ಅವರ ಹೇಳಿಕೆಯನ್ನು ತಳ್ಳಿಹಾಕಿತು. 1979ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಮ್ಮ ಕೆಲಸವನ್ನು ವಿವರಿಸಲು ಬಂದ ಆಹ್ವಾನಕ್ಕೆ ಹೋಗಲು ಅನುಮತಿ ಸಿಗಲಿಲ್ಲ. 1981ರಲ್ಲಿ ಅವರನ್ನು ನೇತ್ರವಿಜ್ಞಾನ ಸಂಸ್ಥೆಗೆ ವರ್ಗಾಯಿಸಲಾಯಿತು. ಅದೇ ವರ್ಷ ಮುಖರ್ಜಿ ಅವರು ಆತ್ಮಹತ್ಯೆ ಮಾಡಿಕೊಂಡರು. ಆಗ ಅವರ ವಯಸ್ಸು 50.

ಹಲಸೂರಿನಿಂದ ಹೊರಟ ಲೇಖನ

ಮುಂದೆ 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹೆಣ್ಣು ಮಗುವೊಂದು ಜನಿಸಿತು. ಅದು ಭಾರತದ ಮೊದಲ ಪ್ರನಾಳ ಶಿಶುವೆಂದು ದೇಶವೆಲ್ಲ ಸಂಭ್ರಮಿಸಿತು. ಆಸ್ಪತ್ರೆಯ ಡಾ. ಇಂದಿರಾ ಹಿಂದುಜಾ ಅವರೊಂದಿಗೆ ಆ ಸಾಧನೆಯಲ್ಲಿ ಪಾಲ್ಗೊಂಡವರು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ವಿಜ್ಞಾನಿ ಡಾ. ಟಿ. ಸಿ. ಆನಂದ ಕುಮಾರ್. 1977ರಲ್ಲಿ ಭಟ್ನಾಗರ್ ಪ್ರಶಸ್ತಿಗೆ ಪಾತ್ರರಾಗಿದ್ದ ಅವರು ನಿವೃತ್ತಿಯ ಬಳಿಕ ಬೆಂಗಳೂರಿಗೆ ಬಂದು, ಆಗಾ ಅಬ್ಬಾಸ್ ಅಲಿ ರಸ್ತೆಯಲ್ಲಿ ‘ಹೋಪ್’ ಹೆಸರಿನ ಬಂಜೆತನ ಚಿಕಿತ್ಸಾಲಯ ಮತ್ತು ಸಂಶೋಧನಾ ಪ್ರತಿಷ್ಠಾನದಲ್ಲಿ ಕೆಲಸ ಮುಂದುವರಿಸಿದರು.

1997ರ ಫೆಬ್ರವರಿಯಲ್ಲಿ ಸಮ್ಮೇಳನವೊಂದರಲ್ಲಿ ಮುಖರ್ಜಿ ಸ್ಮಾರಕ ಉಪನ್ಯಾಸ ನೀಡಲು ಅವರು ಕೋಲ್ಕತ್ತಾಕ್ಕೆ ಹೋದರು. ಅಲ್ಲಿ ಮುಖರ್ಜಿ ಅವರ ಕೈಬರಹದ ಟಿಪ್ಪಣಿಗಳು, ಪತ್ರಗಳು ಅವರ ಕೈಗೆ ಬಂದವು. ಅವುಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ಆನಂದ ಕುಮಾರ್, ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ಸುಭಾಷ್ ಮುಖರ್ಜಿ ಅವರೇ ಎಂಬ ನಿರ್ಣಯಕ್ಕೆ ಬಂದರು. ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ವಿಜ್ಞಾನ ಪತ್ರಿಕೆಯ 1997ರ ಏಪ್ರಿಲ್ 10ರ ಸಂಚಿಕೆಯಲ್ಲಿ ಅದನ್ನು ಲೇಖನವಾಗಿ ಪ್ರಕಟಿಸಿದರು.

ಅದುವರೆಗೆ ‘ಭಾರತದ ಮೊದಲನೆಯವರು’ ಎಂಬ ಕೀರ್ತಿಯಲ್ಲಿ ಅವರಿಗೂ ಪಾಲಿತ್ತು. ಅದನ್ನು ಅವರು ತಮ್ಮ ಕೈಯಾರೆ ಬಿಟ್ಟುಕೊಟ್ಟರು. ದಾಖಲೆ ಕಣ್ಣೆದುರಿಗೆ ಬಂದ ಮೇಲೆ ವಿಜ್ಞಾನಿಯಾದವನು ಮಾಡಬೇಕಾದದ್ದು ಅದನ್ನೇ. ವೈದ್ಯಕೀಯ ಸಂಶೋಧನಾ ಮಂಡಳಿ 2005ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿಯು ಜಗತ್ತಿನ ಎರಡನೆಯ ಪ್ರನಾಳ ಶಿಶು ಕೋಲ್ಕತ್ತಾದಲ್ಲಿ ಜನಿಸಿತೆಂದು ಗುರುತಿಸಿ, ಮುಂಬಯಿಯ ಮಗುವನ್ನು ‘ವೈಜ್ಞಾನಿಕವಾಗಿ ದಾಖಲಾದ’ ಮೊದಲ ಶಿಶುವೆಂದು ಹೆಸರಿಸಿತು. ಎರಡು ಸಾಧನೆಗಳ ನಡುವಿನ ವ್ಯತ್ಯಾಸ ಆ ಎರಡು ಪದಗಳಲ್ಲಿಯೇ ಅಡಗಿದೆ. ಆನಂದ ಕುಮಾರ್ ಅವರು 2010ರಲ್ಲಿ ನಿಧನರಾದರು. ಲೂಯಿಸ್ ಬ್ರೌನ್ ಜನನಕ್ಕೆ ಕಾರಣರಾದ ರಾಬರ್ಟ್ ಎಡ್ವರ್ಡ್ಸ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದೂ ಅದೇ ವರ್ಷ.

ನೂರು ಮಂದಿಯ ಲೆಕ್ಕ

ಮುಖರ್ಜಿ ಅವರ ಬಳಿ ಸಾಧನೆಯಿತ್ತು, ಪ್ರಕಟಿತ ದಾಖಲೆ ಸಾಲದಾಗಿತ್ತು. ಇಂದಿನ ಜಾಹೀರಾತಿನ ಸಮಸ್ಯೆ ಇದಕ್ಕೆ ತಿರುವುಮುರುವು. ಅಂಕಿಯೇನೋ ಎದ್ದು ಕಾಣುತ್ತದೆ. ಅದರ ಹಿಂದಿನ ದಾಖಲೆ ಕಾಣುವುದಿಲ್ಲ.

ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು. ಒಂದು ಕೇಂದ್ರದಲ್ಲಿ ನೂರು ಮಹಿಳೆಯರು ಚಿಕಿತ್ಸೆ ಆರಂಭಿಸಿದರೆಂದು ಇಟ್ಟುಕೊಳ್ಳೋಣ. ಔಷಧಿಗೆ ಅಂಡಾಶಯ ಸ್ಪಂದಿಸದೆ ಹತ್ತು ಮಂದಿ ಅರ್ಧದಲ್ಲಿ ನಿಂತರು. 90 ಮಂದಿಯಿಂದ ಅಂಡಾಣು ಪಡೆಯಲಾಯಿತು. ಭ್ರೂಣ ಸೇರಿಸಲು ಸಾಧ್ಯವಾದದ್ದು 75 ಮಂದಿಗೆ. ರಕ್ತಪರೀಕ್ಷೆಯಲ್ಲಿ ಗರ್ಭ ಖಚಿತವಾದದ್ದು 35 ಮಂದಿಗೆ. ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೃದಯ ಬಡಿತ ಕಂಡದ್ದು 30 ಮಂದಿಯಲ್ಲಿ. ಕೊನೆಗೆ ಮಗುವನ್ನು ಎತ್ತಿಕೊಂಡು ಮನೆಗೆ ಹೋದವರು 25 ಮಂದಿ.

ಈಗ ಯಶಸ್ಸಿನ ಪ್ರಮಾಣವೆಷ್ಟು? ಭ್ರೂಣ ಸೇರಿಸಿದ 75 ಮಂದಿಯಲ್ಲಿ 35 ಮಂದಿಗೆ ಗರ್ಭ ನಿಂತಿತೆಂದು ಲೆಕ್ಕ ಹಾಕಿದರೆ ಶೇ. 47. ಅದೇ 75 ಮಂದಿಯಲ್ಲಿ ಮಗು ಪಡೆದವರು ಶೇ. 33. ಆರಂಭಿಸಿದ ನೂರು ಮಂದಿಯಲ್ಲಿ ಮಗು ಪಡೆದವರು ಶೇ. 25. ಮೂರರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಸಾಲ ಮಾಡಿ ಬಂದ ದಂಪತಿಗಳಿಗೆ ಬೇಕಾದದ್ದು ಮೂರನೆಯ ಉತ್ತರ. ಫಲಕದ ಮೇಲೆ ಬರೆಯಲು ಚೆನ್ನಾಗಿ ಕಾಣುವುದು ಮೊದಲನೆಯದು.

ಇದಕ್ಕೆ ವಯಸ್ಸೂ ಸೇರುತ್ತದೆ. ಬ್ರಿಟನ್ನಿನ ನಿಯಂತ್ರಣ ಪ್ರಾಧಿಕಾರ ಪ್ರಕಟಿಸಿದ 2019ರ ಅಂಕಿಅಂಶಗಳಲ್ಲಿ, 35ಕ್ಕಿಂತ ಕೆಳಗಿನ ಮಹಿಳೆಯರಲ್ಲಿ ಸೇರಿಸಿದ ಪ್ರತಿ ನೂರು ಭ್ರೂಣಗಳಿಗೆ 32 ಜೀವಂತ ಜನನಗಳಾಗಿದ್ದರೆ, 40ರಿಂದ 42 ವಯಸ್ಸಿನವರಲ್ಲಿ ಅದು 11 ಮಾತ್ರ. ಎಲ್ಲ ವಯಸ್ಸಿನವರನ್ನೂ, ಎಳೆಯ ದಾನಿಗಳ ಅಂಡಾಣು ಬಳಸಿದವರನ್ನೂ ಒಟ್ಟಿಗೆ ಸೇರಿಸಿ ತೆಗೆದ ಒಂದೇ ಅಂಕಿಯು 41 ವರ್ಷದ ಮಹಿಳೆಗೆ ಅವಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕಾನೂನು ಏನು ಹೇಳುತ್ತದೆ?

ದೀರ್ಘಕಾಲ ಮಾರ್ಗಸೂಚಿಯ ಆಸರೆಯಲ್ಲಷ್ಟೇ ನಡೆದ ಈ ಕ್ಷೇತ್ರಕ್ಕೆ ಈಗ ಕಾನೂನಿನ ಚೌಕಟ್ಟಿದೆ. ಸಂತಾನೋತ್ಪತ್ತಿ ಸಹಾಯಕ ತಂತ್ರಜ್ಞಾನ ನಿಯಂತ್ರಣ ಕಾಯಿದೆ, 2021 ಹಾಗೂ ಬಾಡಿಗೆ ತಾಯ್ತನ ನಿಯಂತ್ರಣ ಕಾಯಿದೆ, 2021 ಎರಡೂ 2022ರ ಜನವರಿ 25ರಂದು ಜಾರಿಗೆ ಬಂದವು. ಚಿಕಿತ್ಸಾ ಕೇಂದ್ರಗಳು ನೋಂದಣಿ ಮಾಡಿಸುವುದು ಕಡ್ಡಾಯ. ಚಿಕಿತ್ಸೆ ಪಡೆಯುವ ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ವಯಸ್ಸಿನ ಮಿತಿಯಿದೆ. ಅಂಡಾಣು ದಾನಿಯು ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದಾಗಿದ್ದು, ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯುವಂತಿಲ್ಲ. ಗಂಡು ಬೇಕು, ಹೆಣ್ಣು ಬೇಡವೆಂದು ಆಯ್ಕೆ ಮಾಡುವುದು ಅಪರಾಧ.

ಸಾಮಾನ್ಯ ದಂಪತಿಗಳಿಗೆ ಇವೆಲ್ಲಕ್ಕಿಂತ ಉಪಯುಕ್ತವಾದದ್ದು ಮಾಹಿತಿಯ ಹಕ್ಕು. ಚಿಕಿತ್ಸೆಯ ಪರಿಣಾಮಗಳು, ಆ ಕೇಂದ್ರದಲ್ಲಿ ಯಶಸ್ಸಿನ ಸಾಧ್ಯತೆ, ವೆಚ್ಚ, ಅಡ್ಡಪರಿಣಾಮ, ಅವಳಿ ಗರ್ಭದ ಅಪಾಯ ಇವುಗಳನ್ನು ಮೊದಲೇ ತಿಳಿಸಿ ಸಮಾಲೋಚನೆ ನಡೆಸುವುದು ಕೇಂದ್ರದ ಕರ್ತವ್ಯವೆಂದು ಕಾಯಿದೆ ವಿಧಿಸುತ್ತದೆ. ಚಿಕಿತ್ಸೆಯ ವಿವರಗಳನ್ನು ರಾಷ್ಟ್ರೀಯ ನೋಂದಣಿ ಕಚೇರಿಗೆ ಸಲ್ಲಿಸಬೇಕು. ದಂಪತಿಗಳಿಗೆ, ನಡೆಸಿದ ಚಿಕಿತ್ಸೆಯ ವಿವರವುಳ್ಳ ಬಿಡುಗಡೆ ಪತ್ರವನ್ನು ಕೊಡಬೇಕು. ದಾಖಲೆಗಳನ್ನು ಕನಿಷ್ಠ ಹತ್ತು ವರ್ಷ ಕಾಪಿಡಬೇಕು.

ದಂಪತಿಗಳು ಕೇಳಬೇಕಾದ ಪ್ರಶ್ನೆಗಳು

ಹಣ ಕಟ್ಟುವ ಮುನ್ನ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳುವುದು ಒಳಿತು. ಪುರುಷನ ಪರೀಕ್ಷೆ ಪೂರ್ಣವಾಗಿದೆಯೇ? ಐ.ವಿ.ಎಫ್.ಗೆ ಮೊದಲು ಪ್ರಯತ್ನಿಸಬಹುದಾದ ಸರಳ ಕ್ರಮವಿದೆಯೇ? ಹೇಳುತ್ತಿರುವ ಯಶಸ್ಸಿನ ಪ್ರಮಾಣವು ರಕ್ತಪರೀಕ್ಷೆಯ ಲೆಕ್ಕವೋ, ಜೀವಂತ ಜನನದ ಲೆಕ್ಕವೋ? ಚಿಕಿತ್ಸೆ ಆರಂಭಿಸಿದ ಎಲ್ಲರನ್ನೂ ಅದು ಒಳಗೊಂಡಿದೆಯೇ? ತನ್ನದೇ ವಯಸ್ಸಿನವರಲ್ಲಿ, ಸ್ವಂತ ಅಂಡಾಣು ಬಳಸಿದವರಲ್ಲಿ ಅದು ಎಷ್ಟು? ಎಷ್ಟು ಭ್ರೂಣಗಳನ್ನು ಸೇರಿಸುತ್ತಾರೆ, ಉಳಿದವನ್ನು ಏನು ಮಾಡುತ್ತಾರೆ? ಹೇಳಿದ ಮೊತ್ತದಲ್ಲಿ ಚುಚ್ಚುಮದ್ದು, ಶೈತ್ಯೀಕರಣದ ಶುಲ್ಕಗಳು ಸೇರಿವೆಯೇ? ಮುಖ್ಯ ಚಿಕಿತ್ಸೆಗೆ ಸೇರಿಸಿ ಮಾರುವ ಹೆಚ್ಚುವರಿ ಕ್ರಮಗಳಿದ್ದರೆ, ಅವುಗಳಿಂದ ಜನನಗಳು ಹೆಚ್ಚುತ್ತವೆಂಬುದಕ್ಕೆ ಪುರಾವೆ ಏನು?

ಉತ್ತರಗಳನ್ನು ಬರೆದಿಟ್ಟುಕೊಳ್ಳಬೇಕು. ಪ್ರತಿ ಸ್ಕ್ಯಾನಿಂಗ್, ಪ್ರತಿ ಔಷಧಿ ಚೀಟಿ, ಪ್ರಯೋಗಾಲಯದ ಪ್ರತಿ ವರದಿಯ ಪ್ರತಿಯನ್ನು ಕೇಳಿ ಪಡೆದು ಒಂದು ಕಡತದಲ್ಲಿ ಜೋಡಿಸಬೇಕು. ಒಂದು ಆವರ್ತ ವಿಫಲವಾಗಿ ಬೇರೆ ವೈದ್ಯರಲ್ಲಿಗೆ ಹೋದಾಗ, ಎಲ್ಲಿ ತಪ್ಪಿತೆಂಬುದನ್ನು ಹೇಳಬಲ್ಲದ್ದು ಆ ಕಡತ ಮಾತ್ರ. ಕಡತವಿಲ್ಲದಿದ್ದರೆ ಅದೇ ಪರೀಕ್ಷೆ, ಅದೇ ಔಷಧ, ಅದೇ ಖರ್ಚು ಮತ್ತೆ ಮೊದಲಿನಿಂದ.

ಎಷ್ಟು ಲೆಕ್ಕ ಹಾಕಿದರೂ ಕೆಲವರಿಗೆ ಮಗುವಾಗದು ಎಂಬುದೂ ಸತ್ಯವೇ. ಎಲ್ಲಿ ನಿಲ್ಲಿಸಬೇಕೆಂಬುದನ್ನು ದಂಪತಿಗಳು ಮೊದಲೇ ಮಾತಾಡಿಕೊಂಡಿರುವುದು, ದತ್ತು ಸ್ವೀಕಾರದಂತಹ ದಾರಿಗಳನ್ನು ಸೋಲೆಂದು ಭಾವಿಸದಿರುವುದು ಚಿಕಿತ್ಸೆಯಷ್ಟೇ ಮುಖ್ಯ. ಅಂತಹ ನಿರ್ಧಾರಕ್ಕೂ ನಿಜವಾದ ಅಂಕಿಯೇ ಬೇಕು.

ಸುಭಾಷ್ ಮುಖರ್ಜಿ ಅವರ ಕೈಬರಹದ ಟಿಪ್ಪಣಿಗಳು ಹದಿನಾರು ವರ್ಷಗಳ ಬಳಿಕ ಒಬ್ಬ ಪ್ರಾಮಾಣಿಕ ವಿಜ್ಞಾನಿಯ ಕೈಸೇರಿ ಅವರಿಗೆ ನ್ಯಾಯ ದೊರಕಿಸಿದವು. ಆ ನ್ಯಾಯ ಕಾಣಲು ಅವರು ಇರಲಿಲ್ಲ. ಕುಕ್ ಟೌನ್‌ನ ದಂಪತಿಗಳಿಗೆ ಅಷ್ಟು ಕಾಲ ಕಾಯುವ ವ್ಯವಧಾನವಿಲ್ಲ, ವಯಸ್ಸು ಕಾಯುವುದಿಲ್ಲ. ದಾಖಲೆಯನ್ನು ಅವರು ಇಂದೇ, ಚಿಕಿತ್ಸೆಯ ಮೊದಲ ದಿನವೇ ಕೇಳಬೇಕಾಗಿದೆ.